ಗೆಳೆಯನಿಗೊಂದು ಪತ್ರ: ನಿಮ್ಮೂರ ಸರ್ಕಲ್‌ಗೆ ಯಾವ ಕಲ್ಲು?

ಬೆಂಗಳೂರು

ಗೆಳೆಯಾ,

ನಿನ್ನ ವಾಯ್ಸ್ ಮೆಸೇಜ್ ಕೇಳಿದೆ. ಫ್ಲೆಕ್ಸ್‌ನ ಫೋಟೋನೂ ನೋಡಿದೆ. ಸೇನೆಯಲ್ಲಿದ್ದು ತೀರಿಕೊಂಡ ನಿಮ್ಮೂರ ಹುಡುಗನಿಗೆ ಸರ್ಕಲ್‌ನಲ್ಲಿ ಪ್ರತಿಮೆ ನಿಲ್ಲಿಸಬೇಕು ಅಂತ ಯುವಕ ಸಂಘದವರು ಓಡಾಡುತ್ತಿರುವುದು ಒಳ್ಳೆಯ ವಿಷಯ. ಬೆಂಗಳೂರಲ್ಲಿ ಇಂಥವು ಹೇಗಿವೆ, ನೋಡಿ ಹೇಳು ಅಂದಿದ್ದೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಸಂಘದವರಿಗೂ ಓದಲು ಕೊಡು.

ಮೊದಲು ಆ ಫ್ಲೆಕ್ಸ್ ವಿಷಯ. ಅದರಲ್ಲಿ ಮುಖಂಡರ ಮುಖಗಳೇ ದೊಡ್ಡದಾಗಿವೆ, ಹುಡುಗ ಮೂಲೆಯಲ್ಲಿದ್ದಾನೆ. ಅದು ಹೋಗಲಿ, ಫ್ಲೆಕ್ಸ್ ತಾನೇ, ನಾಲ್ಕು ಮಳೆಗೆ ಹರಿದುಹೋಗುತ್ತದೆ. ನನಗೆ ಕಸಿವಿಸಿಯಾಗಿದ್ದು ಕೆಳಗಿನ ಸಾಲು ನೋಡಿ. "ಶತ್ರುವಿನ ಗುಂಡಿಗೆ ಎದೆಯೊಡ್ಡಿದ ವೀರ" ಅಂತ ಬರೆದಿದ್ದಾರೆ. ಅವನು ತೀರಿಕೊಂಡಿದ್ದು ಸೇನೆಯ ಟ್ರಕ್ ಕಂದಕಕ್ಕೆ ಉರುಳಿ ಅಂತ ನೀನೇ ಹೇಳಿದ್ದೆ, ಅಲ್ವಾ? ಈ ಸಾಲು ಕಲ್ಲಿಗೆ ಹೋಗಬಾರದು ಕಣೋ. ಇಷ್ಟುದ್ದ ಬರೆಯುತ್ತಿರುವುದೇ ಅದಕ್ಕೆ.

ಟ್ರಕ್ ಉರುಳಿ ಸತ್ತ ಅಂತ ಬರೆದರೆ ಮರ್ಯಾದೆ ಕಡಿಮೆಯಾಗುತ್ತದೆ ಅನ್ನುವ ಅಂಜಿಕೆ ಅವರಿಗಿರಬಹುದು. ಸಿಯಾಚಿನ್ ನೆನಪು ಮಾಡಿಕೊಳ್ಳಲಿ. 2016ರ ಫೆಬ್ರವರಿ 3ರಂದು ಮದ್ರಾಸ್ ರೆಜಿಮೆಂಟಿನ ಹತ್ತು ಜನ ಹಿಮದಡಿ ಸಿಕ್ಕಿಕೊಂಡರು. ಆರು ದಿನದ ಮೇಲೆ ಕುಂದಗೋಳ ತಾಲ್ಲೂಕು ಬೆಟದೂರಿನ ಹನುಮಂತಪ್ಪ ಕೊಪ್ಪದ ಉಸಿರಾಡುತ್ತಿರುವಂತೆಯೇ ಸಿಕ್ಕಿದರು. ದೇಶವೆಲ್ಲ ಕೈಮುಗಿಯಿತು. 11ನೇ ತಾರೀಖು ದೆಹಲಿಯ ಆಸ್ಪತ್ರೆಯಲ್ಲಿ ಅವರೂ ಹೋದರು. ಅಲ್ಲಿ ಒಂದು ಗುಂಡೂ ಹಾರಿರಲಿಲ್ಲ. ಅವರನ್ನು ವೀರರಲ್ಲ ಅಂತ ಯಾರಾದರೂ ಅಂದರಾ? ಅದೇ ಹಿಮದಡಿ ನಿಮ್ಮ ಹಾಸನದ ತೇಜೂರಿನ ಸುಬೇದಾರ್ ನಾಗೇಶ್ ಇದ್ದರು, ಎಚ್.ಡಿ. ಕೋಟೆ ಕಡೆಯ ಸಿಪಾಯಿ ಮಹೇಶ್ ಇದ್ದರು. ಹನುಮಂತಪ್ಪನವರ ಹೆಸರು ಎಲ್ಲರಿಗೂ ಗೊತ್ತು. ಇವರಿಬ್ಬರದು ನಿಮ್ಮ ಸಂಘದಲ್ಲಿ ಎಷ್ಟು ಜನಕ್ಕೆ ಗೊತ್ತು, ಸುಮ್ನೆ ಕೇಳಿ ನೋಡು.

ಇಲ್ಲೇ ಬೆಂಗಳೂರಲ್ಲಿ ಬೆಳೆದ ಲೆಫ್ಟಿನೆಂಟ್ ಕರ್ನಲ್ ನಿರಂಜನ್ ಅವರೂ ಹಾಗೇ. ಪಠಾಣ್‌ಕೋಟ್ ವಾಯುನೆಲೆಯ ದಾಳಿಯಲ್ಲಿ, 2016ರ ಜನವರಿ 3ರಂದು, ಸತ್ತ ಉಗ್ರನ ಮೈಮೇಲಿದ್ದ ಗ್ರೆನೇಡ್ ತೆಗೆಯುವಾಗ ಅದು ಸಿಡಿಯಿತು. ಬಾಂಬ್ ನಿಷ್ಕ್ರಿಯ ಮಾಡುವುದೇ ಅವರ ಕೆಲಸ. ಇದನ್ನು ಇದ್ದ ಹಾಗೇ ಬರೆದರೆ ಆ ಮನುಷ್ಯ ಏನು ಮಾಡುತ್ತಿದ್ದರು ಅಂತ ಓದುವವನಿಗೆ ತಿಳಿಯುತ್ತದೆ. "ವೀರಮರಣ ಹೊಂದಿದರು" ಅಂತಷ್ಟೇ ಬರೆದರೆ ಏನು ತಿಳಿಯುತ್ತದೆ ಹೇಳು.

ನಮ್ಮ ಹಳಬರು ಈ ವಿಷಯದಲ್ಲಿ ತುಂಬ ಕಟ್ಟುನಿಟ್ಟು. ವೀರಗಲ್ಲುಗಳನ್ನು ನೋಡು. ದನ ಬಿಡಿಸಲು ಹೋಗಿ ಸತ್ತರೆ ತುರುಗೊಳ್ ಅಂತ ಬರೆಯುತ್ತಿದ್ದರು. ಊರು ಕಾಯುವಾಗ ಸತ್ತರೆ ಊರಳಿವು, ಹೆಣ್ಣುಮಕ್ಕಳ ಮಾನ ಉಳಿಸಲು ಹೋಗಿ ಸತ್ತರೆ ಪೆಣ್ಬುಯ್ಯಲ್. ಹುಲಿ, ಹಂದಿಯ ಜೊತೆ ಸೆಣಸಿ ಸತ್ತವರಿಗೂ ಕಲ್ಲಿದೆ. ಯಾವುದನ್ನೂ ಇನ್ನೊಂದರ ಹಾಗೆ ತೋರಿಸುವ ಗೋಜಿಗೆ ಅವರು ಹೋಗಲಿಲ್ಲ.

ಬೆಂಗಳೂರು ಅನ್ನುವ ಹೆಸರು ಸಿಗುವುದೂ ಇಂಥದೇ ಒಂದು ಕಲ್ಲಿನಲ್ಲಿ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿದೆ, ಸುಮಾರು 890ರದ್ದು. ಬೆಂಗಳೂರು ಕಾಳಗದಲ್ಲಿ ನಾಗತ್ತರ ಅನ್ನುವ ನಾಯಕನ ಕಡೆಯವರು ಸತ್ತರು ಅಂತ ಅದು ಹೇಳುತ್ತದೆ. ಐಟಿ, ಟ್ರಾಫಿಕ್, ಫಿಲ್ಟರ್ ಕಾಫಿ ಎಲ್ಲ ಆಮೇಲೆ ಬಂದವು. ಊರಿನ ಹೆಸರು ಉಳಿದಿದ್ದು ಕಾಳಗದಲ್ಲಿ ಸತ್ತವರಿಗೆ ನಿಲ್ಲಿಸಿದ ಕಲ್ಲಿನಿಂದ.

ಹೆಬ್ಬಾಳದ್ದು ಇನ್ನೂ ಹಳೆಯದು, ಸುಮಾರು 750ರದ್ದು, ಗಂಗರ ದೊರೆ ಶ್ರೀಪುರುಷನ ಕಾಲ. ರಟ್ಟವಾಡಿಯವರು ದಾಳಿ ಮಾಡಿದಾಗ ಕಾದಾಡಿ ಸತ್ತ ಕಿತ್ತಯ್ಯ ಅನ್ನುವವನಿಗೆ ನಿಲ್ಲಿಸಿದ್ದು. 2018ರಲ್ಲಿ ಚರಂಡಿ ಅಗೆಯುವಾಗ ಸಿಕ್ಕಿತು. ಹಳೆಯ ಶಾಸನಗಳ ಮೇಲೆ ಪ್ರೀತಿ ಇರುವ ಒಂದಷ್ಟು ಜನ ಓಡಾಡಿ ಉಳಿಸಿದರು, ಈಗ ಅದಕ್ಕೊಂದು ಮಂಟಪವಿದೆ. ಕಿತ್ತಯ್ಯ ರಾಜನಲ್ಲ, ದಂಡನಾಯಕನೂ ಅಲ್ಲ. ಆದರೂ ಯಾರ ಆಳ್ವಿಕೆ, ಯಾವ ನಾಡು, ಯಾರ ವಿರುದ್ಧ, ಎಲ್ಲ ಕೆಲವೇ ಸಾಲಿನಲ್ಲಿದೆ. ಪ್ರತಿಮೆ ಮಾಡಿಟ್ಟಿದ್ದರೆ ಇವತ್ತು ಮೂಗು ಮುರಿದ ಗೊಂಬೆ ಯಾರದು ಅಂತ ಕೇಳಬೇಕಾಗುತ್ತಿತ್ತು. ಈಗಿನ ಪ್ರತಿಮೆಗಳಲ್ಲೂ ಅಷ್ಟೇ, ಎಷ್ಟೋ ಕಡೆ ಮೀಸೆ, ಟೋಪಿ ಬಿಟ್ಟರೆ ಆ ಮನುಷ್ಯನದ್ದು ಬೇರೇನೂ ಇರುವುದಿಲ್ಲ.

ಒಂದು ತಮಾಷೆಯ ಮಾತು, ಆದರೆ ನಿಜ. ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿ ಮಂಡ್ಯ ಕಡೆಯ ಆತಕೂರಿನ ಕಲ್ಲಿದೆ, ಹತ್ತನೇ ಶತಮಾನದ್ದು. ಕಾಳಿ ಅನ್ನುವ ಬೇಟೆನಾಯಿ ಕಾಡುಹಂದಿಯ ಜೊತೆ ಕಾದಾಡಿತು, ಎರಡೂ ಸತ್ತವು ಅಂತ ಅದರಲ್ಲಿದೆ. ನಾಯಿ ಗೆದ್ದು ಬಂತು ಅಂತ ಬರೆಯಬಹುದಿತ್ತು, ಕೇಳುವವರು ಯಾರಿದ್ದರು? ಬರೆಯಲಿಲ್ಲ. ನಾಯಿಗೇ ಅಷ್ಟು ನಿಯತ್ತು ತೋರಿಸಿದವರು ನಾವು, ನಿಮ್ಮೂರ ಹುಡುಗನ ವಿಷಯದಲ್ಲಿ ಯಾಕೆ ಸುಳ್ಳು ಬರೆಯಬೇಕು?

ಹೊಸ ಕಾಲದ ಸ್ಮಾರಕಗಳ ಬಗ್ಗೆ ಕೇಳಿದ್ದೆಯಲ್ಲ. ಬ್ರಿಗೇಡ್ ರೋಡ್, ರೆಸಿಡೆನ್ಸಿ ರೋಡ್ ಸೇರುವಲ್ಲಿ ಒಂದು ಕಂಬವಿದೆ. ಮೊದಲ ಮಹಾಯುದ್ಧದಲ್ಲಿ ಸತ್ತ, ಸೇನೆಗೆ ದಾರಿ ಮಾಡಿಕೊಡುತ್ತಿದ್ದ ಪಯನೀರ್ಸ್ ಪಡೆಗಳವರದ್ದು. ಜನ ಅದರ ಪಕ್ಕ ನಿಂತು ಆಟೋ ಕಾಯುತ್ತಾರೆ, ತಲೆ ಎತ್ತಿ ನೋಡುವವರು ಕಡಿಮೆ. ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಊರನ್ನು ಗೆಲ್ಲಲು ಜೋಧಪುರದವರ ಜೊತೆ ಕುದುರೆ ಏರಿ, ಈಟಿ ಹಿಡಿದು, ಮಷಿನ್‌ಗನ್‌ಗಳ ಎದುರು ನುಗ್ಗಿದ ನಮ್ಮ ಮಹಾರಾಜರ ಪಡೆ ಅದು. ಇದನ್ನು ಶಾಲೆಯಲ್ಲಿ ನಮಗೆ ಯಾರೂ ಹೇಳಿಕೊಡಲಿಲ್ಲ ನೋಡು.

ನೆಹರು ತಾರಾಲಯದ ಪಕ್ಕದ ರಾಷ್ಟ್ರೀಯ ಸೈನಿಕ ಸ್ಮಾರಕಕ್ಕೆ ಮಾತ್ರ ಸಂಘದವರನ್ನು ಒಮ್ಮೆ ಕರೆದುಕೊಂಡು ಬಾ. ಅಲ್ಲಿ 75 ಅಡಿ ಎತ್ತರದ ಒಂದೇ ಕಲ್ಲಿನ ವೀರಗಲ್ಲಿದೆ. ಸ್ವಾತಂತ್ರ್ಯ ಬಂದಮೇಲೆ ಪ್ರಾಣ ಕೊಟ್ಟ 20,000ಕ್ಕೂ ಜಾಸ್ತಿ ಸೈನಿಕರ ಹೆಸರು ಅಲ್ಲಿ ಕಲ್ಲಿನ ಮೇಲಿದೆ. ನನಗೆ ಆ ಎತ್ತರದ ಕಲ್ಲಿಗಿಂತ ಹೆಸರಿನ ಗೋಡೆಗಳೇ ಹಿಡಿಸಿದವು. ಆದರೆ ಅಷ್ಟು ಜನರ ನಡುವೆ ಒಬ್ಬೊಬ್ಬರ ಕಥೆ ಹೇಳಲು ಅಲ್ಲಿ ಜಾಗವಿಲ್ಲ. ನಿಮ್ಮಲ್ಲಿ ಜಾಗವಿದೆ.

ಇದ್ದದ್ದನ್ನು ಇದ್ದ ಹಾಗೆ ಬರೆದಿಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರೇ ಸಾಕ್ಷಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದವರು ವಾಪಸ್ ಬರಲಿಲ್ಲ. ತಮ್ಮ ಹಳೆಯ ಮಿಸ್ಟೇರ್ ವಿಮಾನದಿಂದ ಅವರು ಪಾಕಿಸ್ತಾನದ ಒಂದು ಸ್ಟಾರ್‌ಫೈಟರ್ ಯುದ್ಧವಿಮಾನ ಉರುಳಿಸಿದ್ದರು ಅಂತ ಇಲ್ಲಿಯವರಿಗೆ ಗೊತ್ತಾಗಲು ವರ್ಷಗಳೇ ಬೇಕಾದವು. ಮಹಾವೀರ ಚಕ್ರ ಬಂದಿದ್ದು 1988ರಲ್ಲಿ. 23 ವರ್ಷ!

ಈಗ ಕೆಲಸದ ಮಾತು. ಒಳ್ಳೆ ಕಲ್ಲು ತರಿಸಿ, ಎರಡಾಳು ಎತ್ತರ ಬೇಡ, ನಿಂತು ಓದುವಂತಿರಲಿ. ಕನ್ನಡದಲ್ಲಿ ಬರೆಸಿ. ಹೆಸರು, ತಂದೆ ತಾಯಿಯ ಹೆಸರು, ಓದಿದ ಶಾಲೆ, ಸೇನೆಗೆ ಸೇರಿದ ವರ್ಷ, ರ‍್ಯಾಂಕ್, ರೆಜಿಮೆಂಟ್. ಆಮೇಲೆ ಯಾವ ದಿನ, ಯಾವ ಜಾಗ, ಏನು ಕೆಲಸದ ಮೇಲೆ ಹೋಗುತ್ತಿದ್ದಾಗ ಗಾಡಿ ಉರುಳಿತು, ಅಷ್ಟು. ಮಂಜು ಬಿದ್ದ ಬೆಟ್ಟದ ದಾರಿಯಲ್ಲಿ ಟ್ರಕ್ ಹೊಡೆಯುವವರಿಲ್ಲದೆ ಮೇಲಿನ ಪೋಸ್ಟಿಗೆ ಅಕ್ಕಿ, ಸೀಮೆಎಣ್ಣೆ ಹೋಗುವುದಿಲ್ಲ ಅಂತ ಸಂಘದವರಿಗೆ ಹೇಳು. ಉದ್ಘಾಟನೆ ಮಾಡಿದವರ ಹೆಸರು ಬೇಕೇ ಬೇಕು ಅಂತ ಹಟ ಮಾಡಿದರೆ ಕಲ್ಲಿನ ಹಿಂದೆ ಹಾಕಿಸು.

ಇನ್ನೊಂದು. ವೀರಗಲ್ಲು ನಿಲ್ಲಿಸಿ ಹಳಬರು ಕೈತೊಳೆದುಕೊಳ್ಳುತ್ತಿರಲಿಲ್ಲ. ಸತ್ತವನ ಮನೆಯವರಿಗೆ ಹೊಲ, ಗದ್ದೆ ಬಿಡುತ್ತಿದ್ದರು. ನೆತ್ತರುಕೊಡಗೆ ಅಂತ ಶಾಸನಗಳಲ್ಲಿ ಬರುವುದು ಅದೇ. ನಿಮ್ಮಿಂದ ಗದ್ದೆ ಕೊಡಲು ಆಗದಿರಬಹುದು. ಆದರೆ ಅವನ ಹೆಂಡತಿ, ತಾಯಿ ಇಬ್ಬರ ಕಾಗದಪತ್ರಗಳೂ ಎಲ್ಲಿ ನಿಂತಿವೆ ಅಂತ ಯಾರಾದರೂ ವಿಚಾರಿಸಿದ್ದೀರಾ? ಆಧಾರ್‌ನಲ್ಲೊಂದು ಹೆಸರು, ಸೇನೆಯ ದಾಖಲೆಯಲ್ಲಿ ಇನ್ನೊಂದು ಇದ್ದರೆ ಸಾಕು, ಅಲೆದಾಟ ಶುರು. ಓದುಬರಹ ಬಲ್ಲ ಒಬ್ಬ ಹುಡುಗ ಅವರ ಜೊತೆ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ಹೋಗಿಬರಲಿ. ಪ್ರತಿಮೆಯ ಬದಲು ಕಲ್ಲು ಮಾಡಿಸಿ ಉಳಿಯುವ ದುಡ್ಡು ಅವನ ಮಗಳ ಹೆಸರಲ್ಲಿ ಬ್ಯಾಂಕಿಗೆ ಹಾಕಿ. ಇದಕ್ಕೆ ಸಂಘದಲ್ಲಿ ಗಲಾಟೆ ಆಗುತ್ತದೆ, ಗೊತ್ತು. ಆಗಲಿ ಬಿಡು.

ಒಕ್ಕಣೆ ಬರೆದ ಮೇಲೆ ಮೊದಲು ಮನೆಯವರಿಗೆ ಓದಿ ಹೇಳಿ, ಆಮೇಲೆ ನನಗೆ ಕಳಿಸು. ಕಾಗುಣಿತ ನೋಡಿಕೊಡುತ್ತೇನೆ. ರೆಜಿಮೆಂಟಿನ ಹೆಸರು ಮಾತ್ರ ಸೇನೆಯ ಕಾಗದದಲ್ಲಿ ಇರುವ ಹಾಗೇ ಇರಲಿ, ಯಾರೋ ಹೇಳಿದರು ಅಂತ ಬರೆಯಬೇಡಿ. ಕಲ್ಲು ಕೆತ್ತುವವನಿಗೆ ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ ತಾನೇ?

ಇಂತಿ,
ನಿನ್ನ ಗೆಳೆಯ