ಅಪ್ಪನಿಗೆ, ಲೀಡ್ಸ್‌ನ ಬಾಯ್ಲರ್ ಮನೆಯಿಂದ

ಅಪ್ಪಾ,

ಭಾನುವಾರ ಫೋನ್ ಎತ್ತಲಿಲ್ಲ ಅಂತ ಅಮ್ಮನಿಗೆ ಸಿಟ್ಟು ಬಂದಿದೆಯಂತೆ. ಇಲ್ಲಿಯ ಹಳೆಯ ಉಗಿ ರೈಲು ಎಂಜಿನ್ನಿನ ಬಾಯ್ಲರ್ ತೊಳೆಯುತ್ತಿದ್ದೆ. ಗಂಗಾವತಿಯಲ್ಲಿ ಇದ್ದಷ್ಟು ದಿನ ಅಕ್ಕಿ ಮಿಲ್ಲಿನ ಬಾಯ್ಲರ್ ಹತ್ತಿರ ನನ್ನನ್ನು ಬಿಟ್ಟವರಲ್ಲ ನೀವು. ಈಗ ಇಲ್ಲಿ ಅದೇ ಕೆಲಸ, ಅದೂ ಸಂಬಳ ಇಲ್ಲದೆ! ಮೇಲೆ ಈ ರೈಲು ಓಡಿಸುವವರ ಸಂಘದ ಚಂದಾ ಬೇರೆ ಕಟ್ಟುತ್ತೇನೆ. ಇದನ್ನು ಅಮ್ಮನಿಗೆ ಹೇಳಬೇಡಿ.

ಲೀಡ್ಸ್‌ನ ಹನ್ಸ್ಲೆಟ್‌ನಲ್ಲಿ ಮಿಡ್ಲ್‌ಟನ್ ರೈಲ್ವೆ ಅಂತ ಇದೆ. ಗಣಿಯಿಂದ ಕಲ್ಲಿದ್ದಲು ತರಲು 1758ರಲ್ಲೇ ಪಾರ್ಲಿಮೆಂಟಿನಿಂದ ಕಾಯ್ದೆ ಮಾಡಿಸಿಕೊಂಡ ದಾರಿ. ಮೊದಲು ಕುದುರೆ ಎಳೆಯುತ್ತಿದ್ದವು, 1812ರಲ್ಲಿ ಉಗಿ ಎಂಜಿನ್ ಬಂತು. 1960ರಲ್ಲಿ ಯೂನಿವರ್ಸಿಟಿ ಹುಡುಗರೂ ರೈಲು ಹುಚ್ಚಿನವರೂ ಸೇರಿ ತಾವೇ ಓಡಿಸಲು ಶುರು ಮಾಡಿದರು. ಈಗ ಉಳಿದಿರುವುದು ಮೈಲಿಯಷ್ಟು ದಾರಿ. ನಮ್ಮೂರಿಗೆ ರೈಲು ಬಂದಿದ್ದೇ ಮೊನ್ನೆ ಮೊನ್ನೆ, ಅಲ್ವಾ? ಅದಕ್ಕೇ ಏನೋ ನನಗೆ ಇದು ಜಾಸ್ತಿ ಹಿಡಿಸಿತು. ಅಂದಹಾಗೆ, ನಮ್ಮ ದೇಶದಲ್ಲಿ ಈಗಲೂ ಇಟ್ಟುಕೊಂಡಿರುವ ಫೇರಿ ಕ್ವೀನ್ ಎಂಜಿನ್ 1855ರಲ್ಲಿ ತಯಾರಾಗಿದ್ದು ಇದೇ ಲೀಡ್ಸ್‌ನಲ್ಲಿ, ಕಿಟ್ಸನ್ ಕಂಪನಿಯಲ್ಲಿ.

ಕೆಲಸದ ವಿಷಯ ನಿಮಗೆ ವಿವರವಾಗಿಯೇ ಹೇಳಬೇಕು. ಬೆಳಗಾಗುವ ಮೊದಲೇ ಬರಬೇಕು. ಬೆಂಕಿ ಹಚ್ಚುವ ಮೊದಲು ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸಿನಲ್ಲಿ ನೀರು ನೋಡಬೇಕು, ಅದೂ ಕಣ್ಣಲ್ಲಿ ನೋಡಿದರೆ ಸಾಲದು, ಕಾಕ್ ತೆರೆದು ಮುಚ್ಚಿ ನೀರು ನಿಜವಾಗಿ ಏರುತ್ತದೋ ಇಲ್ಲವೋ ಅಂತ ಖಾತ್ರಿ ಮಾಡಿಕೊಳ್ಳಬೇಕು. ನೀವು ಊಟ ಬಿಟ್ಟಾದರೂ ಎದ್ದು ಹೋಗಿ ಗ್ಲಾಸ್ ನೋಡಿ ಬರುತ್ತಿದ್ದದ್ದು ಯಾಕೆ ಅಂತ ಈಗ ಗೊತ್ತಾಗಿದೆ. ಇಲ್ಲಿ ಬೆಂಕಿಗೂಡಿನ ನೆತ್ತಿಯಲ್ಲಿ ಸೀಸ ತುಂಬಿದ ಪ್ಲಗ್ ಇರುತ್ತದೆ. ನೀರು ಅದಕ್ಕಿಂತ ಕೆಳಗೆ ಇಳಿದರೆ ಸೀಸ ಕರಗಿ ಉಗಿ ಬೆಂಕಿಯ ಮೇಲೆ ನುಗ್ಗುತ್ತದೆ. ನಿಮ್ಮ ಮಿಲ್ಲಿನದರಲ್ಲೂ ಇದೆಯಾ?

ಆಮೇಲೆ ಅವಸರ ಮಾಡುವಂತಿಲ್ಲ. ಗಂಟೆಗಟ್ಟಲೆ ಸಣ್ಣ ಬೆಂಕಿ. ಒಂದು ಕಡೆ ಬಿಸಿ, ಇನ್ನೊಂದು ಕಡೆ ತಣ್ಣಗೆ ಇದ್ದರೆ ತಗಡು ಒಂದೇ ಸಮ ಹಿಗ್ಗುವುದಿಲ್ಲ, ತಗಡುಗಳನ್ನು ಒಳಗಿನಿಂದ ಹಿಡಿದಿಡುವ ಸರಳುಗಳು, ಅಂದರೆ ಸ್ಟೇಗಳು, ಮುರಿಯುತ್ತವೆ. ನಿಮ್ಮಲ್ಲಿ ಗಾಳಿ ಎಳೆಯಲು ಫ್ಯಾನ್ ಇದೆ. ಇಲ್ಲಿ ಸಿಲಿಂಡರಿನಿಂದ ಹೊರಬರುವ ಉಗಿಯನ್ನೇ ಚಿಮಣಿಗೆ ಬಿಡುತ್ತಾರೆ, ಅದು ಹೊಗೆಯನ್ನೂ ಎಳೆದುಕೊಂಡು ಹೋಗುತ್ತದೆ, ಕೆಳಗೆ ಬೆಂಕಿಗೆ ಗಾಳಿ ಸಿಗುತ್ತದೆ. ಎಂಜಿನ್ ಎಷ್ಟು ಕಷ್ಟಪಟ್ಟು ಎಳೆಯುತ್ತದೋ ಬೆಂಕಿ ಅಷ್ಟು ಜೋರು. ಇದನ್ನು ಕಂಡುಹಿಡಿದವರಿಗೆ ಕೈ ಮುಗಿಯಬೇಕು.

ಇಲ್ಲಿಯವರಿಗೆ ದೊಡ್ಡ ಚಿಂತೆ ಕಲ್ಲಿದ್ದಲು. 2023ರಲ್ಲಿ ವೇಲ್ಸ್‌ನ ಫಾಸ್-ಇ-ಫ್ರಾನ್ ಗಣಿ ಮುಚ್ಚಿತು. ಈಗ ಕಲ್ಲಿದ್ದಲಿನ ದೇಶಕ್ಕೇ ಹೊರಗಿನಿಂದ ಕಲ್ಲಿದ್ದಲು ಬರುತ್ತದೆ. ನಮ್ಮಪ್ಪ ಭತ್ತದ ಹೊಟ್ಟಿನಲ್ಲೇ ಉಗಿ ಮಾಡುತ್ತಾರೆ ಅಂದೆ. ಎಲ್ಲರೂ ಕೆಲಸ ಬಿಟ್ಟು ನನ್ನ ಕಡೆ ತಿರುಗಿದರು! ಇಲ್ಲಿ ಅದು ನಡೆಯುವುದಿಲ್ಲ ಬಿಡಿ, ಆ ಎಳೆತಕ್ಕೆ ಹೊಟ್ಟು ಉರಿಯುವ ಮೊದಲೇ ಚಿಮಣಿಯಿಂದ ಹಾರಿಹೋಗುತ್ತದೆ. ಆದರೂ ಅವರಿಗೆ ನಿಮ್ಮ ಬಗ್ಗೆ ಎಲ್ಲ ತಿಳಿಯಬೇಕಂತೆ. ಇಷ್ಟು ವರ್ಷ ಯಾರಾದರೂ ಕೇಳಿದರೆ ನೀವು "ಮಿಲ್ಲಿನಲ್ಲಿ ಕೆಲಸ" ಅಂತಷ್ಟೇ ಹೇಳಿ ಮಾತು ಮುಗಿಸುತ್ತಿದ್ದಿರಿ. ಇಲ್ಲಿ ಎಂಜಿನ್ನಿನ ಬೆಂಕಿ ನೋಡಿಕೊಳ್ಳುವ ಫೈರ್‌ಮನ್ ಆಗಬೇಕಾದರೆ ಮೊದಲು ಬೂದಿ ಎತ್ತಿ, ಎಂಜಿನ್ ಒರೆಸಿ, ಪರೀಕ್ಷೆ ಪಾಸಾಗಬೇಕು, ವರ್ಷಗಳೇ ಹಿಡಿಯುತ್ತವೆ. ನಾನಿನ್ನೂ ಒರೆಸುವ ಹಂತದಲ್ಲೇ ಇದ್ದೇನೆ. ನಿಮ್ಮ ಬಾಯ್ಲರ್ ಅಟೆಂಡೆಂಟ್ ಸರ್ಟಿಫಿಕೇಟ್ ಟ್ರಂಕಿನ ತಳದಲ್ಲಿ ಇದೆಯಲ್ಲ, ಅದರ ಫೋಟೋ ಕಳಿಸಿ, ತೋರಿಸುತ್ತೇನೆ.

ಹತ್ತು ವರ್ಷಕ್ಕೊಮ್ಮೆ ಬಾಯ್ಲರನ್ನೇ ಮೇಲೆತ್ತಿ, ಟ್ಯೂಬ್ ಎಲ್ಲ ಕಿತ್ತು ಪರೀಕ್ಷೆ ಮಾಡಿಸಬೇಕು. ಖರ್ಚು ಕೇಳಿದರೆ ತಲೆ ತಿರುಗುತ್ತದೆ. ಟೀ ಮಾರಿ, ಟಿಕೆಟ್ ಮಾರಿ, ದೇಣಿಗೆ ಎತ್ತಿ ಹೇಗೋ ಹೊಂದಿಸುತ್ತಾರೆ.

ಒಂದು ಪ್ರಶ್ನೆ. ತೊಳೆಯುವಾಗ ಮೂಲೆಗಳಲ್ಲಿ ನೀರಿನ ಲವಣ ಗಟ್ಟಿಯಾಗಿ ಕಟ್ಟಿರುವ ಸ್ಕೇಲ್ ರಾಡಿನಿಂದ ಕೆರೆದರೂ ಏಳುತ್ತಿಲ್ಲ. ನೀವು ಬೋರಿನ ನೀರು ಬಳಸುವ ತಿಂಗಳಲ್ಲಿ ಏನು ಮಾಡುತ್ತೀರಿ, ತಳದ ಕೊಳೆ ನೀರು ಹೊರಬಿಡುವ ಬ್ಲೋಡೌನ್ ಎಷ್ಟು ದಿನಕ್ಕೊಮ್ಮೆ ಕೊಡುತ್ತೀರಿ? ವಾಯ್ಸ್ ಮೆಸೇಜ್ ಹಾಕಿ. ಶನಿವಾರದೊಳಗೆ ಸಿಕ್ಕರೆ ಒಳ್ಳೆಯದು.

ನಿಮ್ಮ ಮಗಳು