ಚೇತೂ, ಮೊದಲು ಆ ಕುಂಡ ಕಾರಿಂದ ಆಚೆ ಇಡು

ಪ್ರೀತಿಯ ಚೇತೂ,

ಜರ್ಮನಿಯ ಹಿಮದಲ್ಲಿ ಕಾರು ಜಾರದಿರಲಿ, ಒಳಗೆ ಬೆಚ್ಚಗಿರಲಿ ಅಂತ ನೀನು ಮಾಡಿದ ಉಪಾಯಗಳ ಫೋಟೋ ಎಲ್ಲ ವಾಟ್ಸಾಪ್‌ನಲ್ಲಿ ನೋಡಿದೆ. ಚಕ್ರದ ಸುತ್ತ ಸಾಲಾಗಿ ಬಿಗಿದ ಕೇಬಲ್ ಟೈ ಅನ್ನುವ ಪ್ಲಾಸ್ಟಿಕ್ ಪಟ್ಟಿಗಳು, ಎರಡು ಸೀಟಿನ ನಡುವೆ ಮಣ್ಣಿನ ಕುಂಡ, ಅದರ ಕೆಳಗೆ ಉರಿಯುವ ಮೇಣದ ಬತ್ತಿಗಳು. "ಹೇಗಿದೆ ದೊಡ್ಡಪ್ಪಾ ಐಡಿಯಾ?" ಅಂತ ಬೇರೆ ಕೇಳಿದ್ದೀಯ. ಫೋನಲ್ಲಿ ಹೇಳಿದರೆ ಹೂಂ ಹೂಂ ಅಂದು ಮರೆತುಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು. ರಮ್ಯಾಗೂ ಓದಿಸು.

ಮೊದಲು ಆ ಕುಂಡ ತೆಗೆದು ಆಚೆ ಇಡು, ಉಳಿದ ಮಾತು ಆಮೇಲೆ. ಕುಂಡ ತಾನಾಗಿ ಶಾಖ ಹುಟ್ಟಿಸುವುದಿಲ್ಲ ಕಣೋ. ಆ ಪುಟ್ಟ ಬತ್ತಿ ಎಷ್ಟು ಶಾಖ ಕೊಡುತ್ತದೋ ಅಷ್ಟೇ, ಕುಂಡ ಅದನ್ನು ಸ್ವಲ್ಪ ಹೊತ್ತು ಹಿಡಿದಿಡುತ್ತದೆ. ನಾಲ್ಕೈದು ಬತ್ತಿ ಒತ್ತೊತ್ತಾಗಿ ಇಟ್ಟರೆ ಒಂದರ ಬಿಸಿಗೆ ಇನ್ನೊಂದರ ಮೇಣ ಪೂರ್ತಿ ಕರಗಿ, ಬಟ್ಟಲಿಗೆ ಬಟ್ಟಲೇ ಹೊತ್ತಿಕೊಳ್ಳುತ್ತದೆ. ಅದಕ್ಕೆ ನೀರು ಹಾಕಿದರೆ ಬೆಂಕಿ ಮುಖಕ್ಕೇ ಹಾರುತ್ತದೆ. ಪಕ್ಕದಲ್ಲೇ ಸೀಟಿನ ಸ್ಪಂಜು, ಹಿಂದೆ ಮಗುವಿನ ಸೀಟು. ಇನ್ನೊಂದು ವಿಷಯ ಯೋಚನೆ ಮಾಡಿದ್ದೀಯಾ? ಯಾವ ಬೆಂಕಿ ಉರಿದರೂ ನೀರಾವಿ ಬರುತ್ತದೆ. ಆ ಆವಿ ತಣ್ಣಗಿನ ಗಾಜಿಗೆ ಒಳಗಿನಿಂದ ಕೂತು ಅಲ್ಲೇ ಗಟ್ಟಿಯಾಗುತ್ತದೆ. ಗಾಜು ತಿಳಿಯಾಗಲಿ ಅಂತ ಹಚ್ಚಿದ ಬತ್ತಿಯೇ ಗಾಜನ್ನು ಮುಚ್ಚುತ್ತದೆ.

ಇದಕ್ಕಿಂತ ದೊಡ್ಡ ಭಯ ಕಾರ್ಬನ್ ಮೋನಾಕ್ಸೈಡ್, ಬೆಂಕಿ ಸರಿಯಾಗಿ ಉರಿಯದಾಗ ಬರುವ ವಿಷಗಾಳಿ. ಬಣ್ಣ ಇಲ್ಲ, ವಾಸನೆ ಇಲ್ಲ, ನಿದ್ದೆ ಬಂದ ಹಾಗೆ ಬಂದು ಹೊತ್ತುಕೊಂಡು ಹೋಗುತ್ತದೆ. ನಾನು ಸೈನ್ಯದಲ್ಲಿದ್ದಾಗ ಲಡಾಖ್‌ನಲ್ಲಿ ನಾವು ಟೆಂಟಿನಲ್ಲಿ ಬುಖಾರಿ, ಅಂದರೆ ಚಳಿ ಕಾಯಿಸುವ ಒಲೆ, ಹಚ್ಚಿಕೊಳ್ಳುತ್ತಿದ್ದೆವು. ಮಲಗುವ ಮುಂಚೆ ಅದನ್ನು ಆರಿಸಲೇಬೇಕು, ಎಷ್ಟೇ ಚಳಿ ಇರಲಿ. ಆರಿಸಿದ್ದೇವಾ ಅಂತ ಪಹರೆಯವನು ಒಳಗೆ ಬಂದು ಕೈಯಿಟ್ಟು ನೋಡಿ ಹೋಗುತ್ತಿದ್ದ. ಬುಖಾರಿಗೆ ಹೊಗೆ ಕೊಳವೆಯಾದರೂ ಇರುತ್ತದೆ, ನಿನ್ನ ಕುಂಡಕ್ಕೆ ಅದೂ ಇಲ್ಲ. ಹೆದ್ದಾರಿಯಲ್ಲಿ ಹಿಮ ಬಿದ್ದು ಗಾಡಿಗಳೆಲ್ಲ ಗಂಟೆಗಟ್ಟಲೆ ನಿಂತುಬಿಟ್ಟರೆ ಬತ್ತಿ ಹಚ್ಚಬೇಡ, ಇದ್ದಿಲಂತೂ ಬೇಡವೇ ಬೇಡ. ಇಳಿದು ಸೈಲೆನ್ಸರ್ ಬಾಯಿ ಸುತ್ತ ಇರುವ ಹಿಮ ತೆಗಿ, ಕಿಟಕಿ ಬೆರಳಷ್ಟು ಇಳಿಸು, ಆಮೇಲೆ ಎಂಜಿನ್ ಸ್ವಲ್ಪ ಹೊತ್ತು ಓಡಿಸಿ ಆರಿಸು. ಸೈಲೆನ್ಸರ್ ಹಿಮದಲ್ಲಿ ಮುಚ್ಚಿಹೋದರೆ ಹೊಗೆ ಕಾರಿನೊಳಗೇ ಬರುತ್ತದೆ, ಇದನ್ನು ಮರೆಯಬೇಡ.

ಈಗ ಕೇಬಲ್ ಟೈ. ಫೋಟೋ ದೊಡ್ಡದು ಮಾಡಿ ನೋಡಿದೆ. ರಿಮ್ಮಿನ ತೂತಿನಿಂದ ಹಾಯಿಸಿ ಟೈರಿನ ಮೇಲೆ ಬಿಗಿದಿದ್ದೀಯ. ರಿಮ್ಮಿನ ಒಳಗಡೆ ಬ್ರೇಕ್ ಕ್ಯಾಲಿಪರ್, ಅಂದರೆ ಬ್ರೇಕ್ ಹಿಡಿಯುವ ಇಕ್ಕಳ, ಎಷ್ಟು ಹತ್ತಿರ ಇರುತ್ತದೆ ಗೊತ್ತಾ? ಕಿರುಬೆರಳು ತೂರಿಸುವುದೂ ಕಷ್ಟ. ಅಲ್ಲೇ ಬ್ರೇಕ್ ಎಣ್ಣೆಯ ಕೊಳವೆ (ಹೋಸ್), ಅಲ್ಲೇ ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದ ಹಾಗೆ ನೋಡುವ ಎಬಿಎಸ್ ವೈರು. ಪ್ಲಾಸ್ಟಿಕ್ ಆ ಚಳಿಗೆ ಪೆಡಸಾಗುತ್ತದೆ, ಹಿಮ ಇಲ್ಲದ ರಸ್ತೆ ಸಿಕ್ಕಿದ ಕೂಡಲೇ ಪಟ್ ಅಂತ ಹರಿಯುತ್ತದೆ. ಹರಿದ ತುಂಡು ಒಳಗೆ ಸುತ್ತಿಕೊಂಡು ಹೋಸನ್ನೋ ವೈರನ್ನೋ ಎಳೆದರೆ ಏನು ಮಾಡುತ್ತೀಯ?

ಮನೆ ಮುಂದಿನ ಹಿಮದಿಂದ ಕಾರು ಸಲೀಸಾಗಿ ಹೊರಗೆ ಬಂತು ಅಂತ ಬರೆದಿದ್ದೀಯ. ಬಂದಿರಬಹುದು, ನಾನು ಇಲ್ಲ ಅನ್ನುವುದಿಲ್ಲ. ಇಲ್ಲಿ ವಿ.ಸಿ. ನಾಲೆ ಬಯಲಿನಲ್ಲಿ ಗದ್ದೆ ಕೆಸರು ಮಾಡುವಾಗ ಟ್ರ್ಯಾಕ್ಟರಿಗೆ ಕಬ್ಬಿಣದ ಕೇಜ್ ವೀಲ್ ಹಾಕುತ್ತಾರೆ, ನೀನೂ ನೋಡಿದ್ದೀಯಲ್ಲ. ಅದು ಕೆಸರಿನಿಂದ ಎತ್ತಿಕೊಂಡು ಬರುವುದಕ್ಕೆ ಸರಿ, ಆದರೆ ಅದನ್ನೇ ಹಾಕಿಕೊಂಡು ಮೈಸೂರಿಗೆ ಯಾರೂ ಹೊರಡುವುದಿಲ್ಲ. ಕಾರು ಹೊರಡುವುದು ಬೇರೆ, ನಿಲ್ಲುವುದು ಬೇರೆ ಮಗಾ. ನೀನು ಕಟ್ಟಿರುವುದು ಮುಂದಿನ ಎರಡು ಚಕ್ರಕ್ಕೆ. ಬ್ರೇಕ್ ಹಾಕಿದಾಗ, ತಿರುವಿನಲ್ಲಿ ತಿರುಗಿಸಿದಾಗ ನಾಲ್ಕೂ ಚಕ್ರ ರಸ್ತೆ ಹಿಡಿಯಬೇಕು. ಹಿಂದಿನದು ಜಾರಿದರೆ ಗಾಡಿ ಗಿರ್ರನೆ ತಿರುಗಿ ಎದುರಿನ ಲಾರಿಗೆ ಹೋಗುತ್ತದೆ.

ಹಿಡಿತ ಬರುವುದು ರಬ್ಬರಿನಿಂದ. ಬೇಸಿಗೆ ಟೈರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಹೋದರೆ ಗಟ್ಟಿಯಾಗುತ್ತಾ ಹೋಗುತ್ತದೆ. ಚಳಿಗಾಲದ ಟೈರಿನ ರಬ್ಬರು ಆಗಲೂ ಮೆತ್ತಗಿರುತ್ತದೆ, ಅದರ ಮೇಲಿನ ಉಬ್ಬುಗಳಲ್ಲಿ ಸಣ್ಣ ಸಣ್ಣ ಸೀಳು ಇರುತ್ತವೆ, ಅವು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಜರ್ಮನಿಯಲ್ಲಿ ಹಿಮ, ಮಂಜುಗಡ್ಡೆ ಇರುವ ರಸ್ತೆಗೆ ಇಂಥ ಟೈರೇ ಬೇಕು ಅಂತ 2010ರಿಂದ ಸ್ಪಷ್ಟ ಕಾನೂನಿದೆ, ಇಲ್ಲದಿದ್ದರೆ 60 ಯೂರೋ ದಂಡ. ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು, ಈ ಗುರುತು ಇದೆಯಾ ನೋಡು. ಬರೀ ಎಂ ಪ್ಲಸ್ ಎಸ್ (ಕೆಸರು, ಹಿಮಕ್ಕೆ ಅನ್ನುವ ಹಳೆಯ ಗುರುತು) ಅಂತ ಇದ್ದರೆ 2024ರ ಅಕ್ಟೋಬರ್‌ನಿಂದ ನಡೆಯುವುದಿಲ್ಲ. ಸೆಕೆಂಡ್ ಹ್ಯಾಂಡ್ ಕಾರು ಕೊಟ್ಟವನು ಯಾವ ಟೈರ್ ಹಾಕಿ ಕೊಟ್ಟಿದ್ದಾನೋ! ಗೆಳೆಯ ಯಾರೋ ಟೈರಿಗೆ ಒಳಗಿಂದ ಸ್ಕ್ರೂ ಹೊಡೆಯೋಣ ಅಂದನಂತಲ್ಲ, ಅವನಿಗೂ ಹೇಳು, ಮೊಳೆ ಟೈರು ಅಲ್ಲಿ 1975ರಿಂದಲೇ ನಿಷೇಧ. ಗಾಳಿ ಕಡಿಮೆ ಮಾಡುವುದೂ ಬೇಡ. ಅದು ಮರಳಿನ ಮೇಲೆ ಓಡಿಸುವಾಗಿನ ಉಪಾಯ. 10 ಡಿಗ್ರಿ ಚಳಿ ಜಾಸ್ತಿಯಾದರೆ ಟೈರಿನ ಗಾಳಿ ಸುಮಾರು ಒಂದೂವರೆ ಪಿಎಸ್‌ಐ (ಗಾಳಿ ಒತ್ತಡದ ಅಳತೆ) ತಾನಾಗೇ ಇಳಿಯುತ್ತದೆ. ಗಾಜಿಗೆ ಬಿಸಿನೀರು ಹುಯ್ಯಬೇಡ, ಸೀಳು ಬಿಡುತ್ತದೆ.

"ನೀವೂ ಸೈನ್ಯದಲ್ಲಿ ಹೀಗೇ ಏನೇನೋ ಮಾಡುತ್ತಿದ್ದಿರಿ ಅಲ್ವಾ" ಅಂತೀಯ. ಮಾಡುತ್ತಿದ್ದೆವು. ಡೀಸೆಲ್ ಗಟ್ಟಿಯಾಗದಿರಲಿ ಅಂತ ಸೀಮೆಎಣ್ಣೆ ಬೆರೆಸುತ್ತಿದ್ದೆವು, ಎಂಜಿನ್ ಕೆಳಗೆ ಬೆಂಕಿ ಇಟ್ಟು ಎಣ್ಣೆ ಬೆಚ್ಚಗೆ ಮಾಡುತ್ತಿದ್ದೆವು. ಬೇರೆ ದಾರಿಯೇ ಇರಲಿಲ್ಲ. 2019ರಲ್ಲಿ −33 ಡಿಗ್ರಿಯಲ್ಲೂ ಹರಿಯುವ ಡೀಸೆಲ್ ಲಡಾಖ್‌ಗೆ ಬಂತು. ಅಂಥದ್ದು ಸಿಗುವಾಗ ಸೀಮೆಎಣ್ಣೆ ಹುಡುಕುವುದು ಯಾಕೆ? ಲಡಾಖ್ ದಾರಿಯ ಜೋಜಿಲಾ ಕಣಿವೆ ದಾರಿ ಹತ್ತುವ ಮುಂಚೆ ನಾವು ಚಕ್ರಕ್ಕೆ ಕಟ್ಟುತ್ತಿದ್ದದ್ದು ಹಗ್ಗ ಅಲ್ಲ, ಅಳತೆಗೆ ಮಾಡಿದ ಕಬ್ಬಿಣದ ಚೈನು.

ರಜೆಗೆ ಆಸ್ಟ್ರಿಯಾ ಬೆಟ್ಟಕ್ಕೆ ಹೋಗುತ್ತೇವೆ ಅಂದಿದ್ದೀಯ, ನೀನೂ ನಿನ್ನ ಟೈರ್ ಅಳತೆಯ ಚೈನು ತಗೋ. ಒಂದು ಭಾನುವಾರ ಹಗಲು ಹೊತ್ತಿನಲ್ಲಿ ಮನೆ ಮುಂದೆ ಎರಡು ಸಲ ಹಾಕಿ ಬಿಚ್ಚಿ ಕಲಿ. ಕತ್ತಲಲ್ಲಿ ಬೆರಳು ಮರಗಟ್ಟಿದಾಗ ಕಲಿಯಲು ಆಗುವುದಿಲ್ಲ. ಚೈನು ಹಾಕಿದ ಮೇಲೆ 50 ಕಿಲೋಮೀಟರ್ ವೇಗ ದಾಟಬೇಡ. ಡಿಕ್ಕಿಯಲ್ಲಿ ಒಂದು ಸಣ್ಣ ಸಲಿಕೆ, ಒಂದು ಚೀಲ ಮರಳು, ಎರಡು ಕಂಬಳಿ ಇರಲಿ. ಚಕ್ರ ಸುಮ್ನೆ ತಿರುಗುತ್ತಿದ್ದರೆ ಮರಳು ಎರಚು. ರಾತ್ರಿ ಮುಂದಿನ ಗಾಜಿಗೆ ರಟ್ಟು ಮುಚ್ಚು. ಈ ಮನೆ ಉಪಾಯಗಳಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ.

ಟೈರ್ ದುಬಾರಿ ಅಂತ ಮುಂದಕ್ಕೆ ಹಾಕುತ್ತಿದ್ದರೆ ಸಂಕೋಚ ಬಿಟ್ಟು ಹೇಳು. ಕಬ್ಬಿನ ದುಡ್ಡು ಬಂದಿದೆ, ಕಳಿಸುತ್ತೇನೆ, ನಿಮ್ಮಪ್ಪನಿಗೆ ನಾನು ಹೇಳುವುದಿಲ್ಲ. ನಾಲ್ಕೂ ಟೈರಿನ ಪಕ್ಕದ ಗುರುತಿನ ಫೋಟೋ ತೆಗೆದು ನಾಳೆಯೇ ಕಳಿಸು. ಅದು ಬರುವವರೆಗೆ ಆಫೀಸಿಗೆ ರೈಲಿನಲ್ಲಿ ಹೋಗು.

ನಿನ್ನ ದೊಡ್ಡಪ್ಪ
ಮಂಡ್ಯ