ಚಳಿ ಇಳಿಯುವ ಕಾಲವನ್ನು ಬರೆಯುವ ಬಗೆ

ಆತ್ಮೀಯರೇ,

ನಿಮ್ಮ ಪತ್ರವೂ ನೀಳ್ಗತೆಯ ಹಸ್ತಪ್ರತಿಯೂ ತಲುಪಿದವು. ಚಳಿ ಕಳೆದು ವಸಂತ ಕಾಲಿಡುವ ಹೊತ್ತಿನ ಮಲೆನಾಡಿನ ಹಳ್ಳಿಯನ್ನು ಕತೆಯ ನೆಲೆಯಾಗಿ ಆರಿಸಿಕೊಂಡಿದ್ದೀರಿ. ಆದರೆ ಪ್ರಕೃತಿಯ ಭಾಗ ಮಾತ್ರ ಯಾಕೋ ನಿಮ್ಮ ಕಿವಿಗೇ ಕೃತಕವಾಗಿ ಕೇಳಿಸುತ್ತಿದೆ ಎಂದು ಬರೆದಿದ್ದೀರಿ. ಪಾತ್ರಗಳ ಬಗ್ಗೆ ನನ್ನ ತಕರಾರೇನಿಲ್ಲ. ಅಜ್ಜಿಯ ಮಾತಂತೂ ಒಂದಕ್ಷರ ಬದಲಿಸುವಂತಿಲ್ಲ. ಹೇಳಬೇಕಾದದ್ದೆಲ್ಲ ಋತುವಿನ ಬಗ್ಗೆಯೇ ಇದೆ.

ನಿಮ್ಮ ಕತೆಯಲ್ಲಿ ವಸಂತ ಬಂದೊಡನೆ ತೊರೆಗಳು ತುಂಬಿ ಹರಿಯುತ್ತವೆ, ಬೋಳಾಗಿದ್ದ ಕಾಡೆಲ್ಲ ಒಟ್ಟಿಗೇ ಚಿಗುರುತ್ತದೆ, ನೆಲ ಹಸಿರಾಗುತ್ತದೆ. ಹಿಮ ಕರಗುವ ದೇಶಗಳಲ್ಲಿ ಇದು ಸತ್ಯ. ಘಟ್ಟದ ಈ ಮಗ್ಗುಲಲ್ಲಿ ನಡೆಯುವುದು ಬಹುಮಟ್ಟಿಗೆ ಇದರ ತಿರುವುಮುರುವು. ಫೆಬ್ರವರಿ, ಮಾರ್ಚ್ ಎಂದರೆ ನಮ್ಮಲ್ಲಿ ನೀರು ಹಿಂದೆ ಸರಿಯುವ ಕಾಲ: ಹಳ್ಳದ ಹರಿವು ತೆಳುವಾಗಿ ಕೊನೆಗೆ ಅಲ್ಲಲ್ಲಿ ಗುಂಡಿಗಳಷ್ಟೇ ಉಳಿಯುತ್ತವೆ, ಗದ್ದೆಯ ಬದುವಿನ ಹುಲ್ಲು ಕಂದುತ್ತದೆ, ಮತ್ತಿ, ನಂದಿ, ತೇಗಗಳು ಎಲೆ ಉದುರಿಸುತ್ತವೆ, ಗೊಬ್ಬರದ ಸೊಪ್ಪಿಗೆಂದು ಬಿಟ್ಟ ಸೊಪ್ಪಿನ ಬೆಟ್ಟದಲ್ಲಿ ತರಗೆಲೆ ಗುಡಿಸಿ ಹೊರೆ ಕಟ್ಟಿ ಕೊಟ್ಟಿಗೆಗೆ ಸಾಗಿಸುವ ಕೆಲಸ ನಡೆಯುತ್ತದೆ, ಅರಣ್ಯ ಇಲಾಖೆಯವರು ಕಾಡ್ಗಿಚ್ಚು ಹಬ್ಬದಂತೆ ಬೆಂಕಿ ರೇಖೆ ಸವರಿಸಿ ಕಾಯುತ್ತಾರೆ. ಆ ಒಣಗಾಲದ ನಡುವೆಯೇ ಬೂರುಗ ಎಲೆಯಿಲ್ಲದ ಕೊಂಬೆಗಳ ಮೇಲೆ ಕೆಂಪು ಹೂ ಹೊರುತ್ತದೆ. ಅರೆಮಲೆನಾಡಿನ ಕಡೆ ಇಳಿದರೆ ಮುತ್ತುಗವೂ ಹಾಗೆಯೇ. ಮುಂಗಾರು ಇನ್ನೂ ತಿಂಗಳುಗಟ್ಟಲೆ ದೂರವಿರುವಾಗಲೇ ಹೊಂಗೆ ಹಳೆಯ ಎಲೆ ಕಳಚಿ ಹೊಳೆಯುವ ಎಳೆಹಸಿರನ್ನು ಹೊದೆಯುತ್ತದೆ, ಅರಳಿ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಈ ಮರಗಳು ಮಳೆಗೆ ಕಾಯದೆ ಆಳದ ತೇವವನ್ನೂ ತಮ್ಮೊಳಗೆ ಕೂಡಿಟ್ಟ ನೀರನ್ನೂ ನಂಬಿ ಚಿಗುರುತ್ತವೆ. ಉದುರುವುದು ಮತ್ತು ಚಿಗುರುವುದು ಒಂದೇ ವಾರದಲ್ಲಿ, ಒಮ್ಮೊಮ್ಮೆ ಒಂದೇ ಮರದಲ್ಲಿ ಕಾಣುವ ಈ ವಿಚಿತ್ರವೇ ನಮ್ಮ ವಸಂತದ ಲಕ್ಷಣ; ನಿಮ್ಮ ವರ್ಣನೆಯಲ್ಲಿ ಇಲ್ಲದಿರುವುದೂ ಇದೇ.

ಆದ್ದರಿಂದ ಋತುವನ್ನು ವಿಶೇಷಣಗಳಲ್ಲಿ ಹಿಡಿಯುವ ಪ್ರಯತ್ನವನ್ನು ಬಿಟ್ಟು, ಯಾವುದರ ಹಿಂದೆ ಯಾವುದು ಬಂತು ಎಂಬ ಕ್ರಮದಲ್ಲಿ ಹಿಡಿಯಿರಿ. ‘ಆಹ್ಲಾದಕರ’, ‘ರಮಣೀಯ’ ಎಂಬ ಮಾತುಗಳನ್ನು ನಾಲ್ಕು ಪುಟಗಳುದ್ದಕ್ಕೂ ಹರಡಿದ್ದೀರಿ. ಅವುಗಳಿಂದ ಓದುಗನಿಗೆ ತಿಂಗಳು ತಿಳಿಯುವುದಿಲ್ಲ. ಅಂಗಳದಲ್ಲಿ ಅಡಿಕೆ ಇನ್ನೂ ಒಣಗುತ್ತಿದೆ, ಹಲಸಿನ ಕಾಂಡದಲ್ಲಿ ಮಿಡಿ ಕಾಣಿಸಿಕೊಂಡಿದೆ, ಸುರಗಿಯ ಮರದಡಿ ಬೆಳಗಿನ ಹೊತ್ತು ಜೇನಿನ ಸದ್ದು ತುಂಬಿದೆ ಎಂದರೆ ತಿಳಿದವನಿಗೆ ತಿಂಗಳೂ ತಿಳಿಯುತ್ತದೆ, ಊರೂ ತಿಳಿಯುತ್ತದೆ.

ಹಗಲು ಬೆಳೆಯುವ ಕ್ರಮವನ್ನೂ ಗಮನಿಸಿ. ಸಂಕ್ರಾಂತಿಯ ಮರುದಿನದಿಂದಲೇ ಸೂರ್ಯ ಬೇಗ ಹುಟ್ಟತೊಡಗಿದ ಎಂದು ಬರೆದಿದ್ದೀರಿ. ಅತ್ಯಂತ ಗಿಡ್ಡ ಹಗಲು ಡಿಸೆಂಬರ್ 21-22ಕ್ಕೇ ಮುಗಿದಿರುತ್ತದೆ, ನಿಜ; ಆದರೆ ನಮ್ಮ ಅಕ್ಷಾಂಶದಲ್ಲಿ ಸೂರ್ಯೋದಯ ಜನವರಿಯ ಕೊನೆಯವರೆಗೂ ತಡವಾಗುತ್ತಲೇ ಹೋಗುತ್ತದೆ. ಅಷ್ಟು ದಿನ ಹಗಲಿನ ಹೆಚ್ಚಳವೆಲ್ಲ ಸಂಜೆಯ ಕಡೆಗೇ ಸೇರುತ್ತದೆ. ಬೆಳಗು ಬೇಗ ಆಗತೊಡಗುವುದು ಹೆಚ್ಚುಕಡಿಮೆ ರಥಸಪ್ತಮಿಯ ಆಸುಪಾಸಿನಲ್ಲಿ. ಹಾಲು ಕರೆಯಲು ಏಳುವ ನಿಮ್ಮ ಅಜ್ಜಿಗೆ ಇದು ಪಂಚಾಂಗ ನೋಡದೆಯೂ ಗೊತ್ತಿರುತ್ತದೆ. (ಹವಾಮಾನ ಇಲಾಖೆಯ ಲೆಕ್ಕದಲ್ಲಿ ಜನವರಿ, ಫೆಬ್ರವರಿ ಚಳಿಗಾಲ, ಮಾರ್ಚ್‌ನಿಂದ ಮುಂಗಾರು ಪೂರ್ವದ ಅವಧಿ, ವಸಂತವೆಂಬ ಋತುವಿಗೆ ಅಲ್ಲಿ ಜಾಗವೇ ಇಲ್ಲ. ಚೈತ್ರ, ವೈಶಾಖವನ್ನು ವಸಂತ ಎನ್ನುವ ಪಂಚಾಂಗದ ಪ್ರಕಾರ ಕಾಡಿನ ಹೂವಿನ ಒಂದು ದೊಡ್ಡ ಪಾಲು ಶಿಶಿರದಲ್ಲೇ ಅರಳಿ ಮುಗಿದಿರುತ್ತದೆ. ಎರಡನ್ನೂ ತಿಳಿದಿರಿ, ಯಾವುದನ್ನೂ ಪೂರ್ತಿ ನಂಬಬೇಡಿ.)

ಎರಡನೆಯ ಅಧ್ಯಾಯದಲ್ಲಿ ದಟ್ಟ ಮೋಡ ಕವಿದ ರಾತ್ರಿ ಮೈ ಕೊರೆಯುವ ಚಳಿ ಬಿದ್ದು, ಬೆಳಗಾಗುವಷ್ಟರಲ್ಲಿ ಹುಲ್ಲೆಲ್ಲ ಇಬ್ಬನಿಯಿಂದ ತೊಯ್ದಿದೆ. ಆದರೆ ಮೋಡ ನೆಲದ ಕಾವನ್ನು ಕಂಬಳಿಯಂತೆ ತಡೆದಿಡುತ್ತದೆ. ಚಳಿ ಬೀಳುವುದೂ ಇಬ್ಬನಿ ಕೂಡುವುದೂ ಚುಕ್ಕಿಗಳು ಸ್ಪಷ್ಟವಾಗಿ ಕಾಣುವ, ಗಾಳಿಯಾಡದ ರಾತ್ರಿಗಳಲ್ಲಿ. ಅಂಥ ರಾತ್ರಿ ತಣ್ಣನೆಯ ಗಾಳಿ ತಗ್ಗಿಗೆ ಜಾರುವುದರಿಂದ ತೋಟವಿರುವ ಕಣಿವೆಯಲ್ಲಿ ಮಂಜು ನಿಂತಿರುತ್ತದೆ, ಮೇಲಿನ ಬೆಟ್ಟದ ಮನೆಗೆ ಆಗಲೇ ಬಿಸಿಲು ತಾಗಿರುತ್ತದೆ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡುತ್ತದೆ ಎಂಬ ಮಾತನ್ನು ಅಜ್ಜಿಯ ಬಾಯಲ್ಲಿ ಆಡಿಸಿದ್ದು ಚೆನ್ನಾಗಿದೆ, ಆದರೆ ಓಡುವುದು ಮೊದಲು ಹಗಲಿನ ಚಳಿ. ಬೆಳಗಿನ ಜಾವಕ್ಕೂ ಮಧ್ಯಾಹ್ನಕ್ಕೂ ಹದಿನೈದು ಡಿಗ್ರಿಗಿಂತ ಹೆಚ್ಚು ಅಂತರವಿರುವ ದಿನಗಳು ಈ ಕಾಲದಲ್ಲಿ ಅಪರೂಪವಲ್ಲ. ಬೆಳಗ್ಗೆ ಕಂಬಳಿ ಹೊದ್ದು ಕೂತವನೇ ಮಧ್ಯಾಹ್ನ ನೆರಳು ಹುಡುಕುವುದನ್ನು ತೋರಿಸಿದರೆ ನಿಮ್ಮ ಅರ್ಧ ಪುಟದ ವರ್ಣನೆಯ ಅಗತ್ಯವೇ ಇರುವುದಿಲ್ಲ.

ಮೋಡವನ್ನು ತರಲೇಬೇಕಿದ್ದರೆ ಅದಕ್ಕೆ ತಕ್ಕ ಭಯವನ್ನೂ ತನ್ನಿ. ಮಾವು ಹೂವಿನಲ್ಲಿರುವಾಗ ನಾಲ್ಕು ದಿನ ಮೋಡ ಮುಸುಕಿದರೆ ಜಿಗಿಹುಳು ಹೆಚ್ಚುತ್ತದೆ, ತೇವ ನಿಂತರೆ ಬೂದಿರೋಗ ಹತ್ತುತ್ತದೆ, ಹೂ ಕರಕಲಾಗಿ ಉದುರುತ್ತದೆ. ಹೊಳೆದಂಡೆಯ ಅಪ್ಪೆಮಿಡಿ ಮರವನ್ನು ನಂಬಿ ವರ್ಷದ ಉಪ್ಪಿನಕಾಯಿಯ ಲೆಕ್ಕ ಹಾಕಿಕೊಂಡ ಮನೆಯಲ್ಲಿ ಅದು ದೊಡ್ಡ ಸುದ್ದಿ. ನಿಮ್ಮ ನಾಯಕಿ ಅದೇ ಮೋಡವನ್ನು ಕಿಟಕಿಯಿಂದ ನೋಡಿ ಸಂತೋಷಪಡುತ್ತಾಳೆ. ಪಡಲಿ, ಆದರೆ ಅಡುಗೆಮನೆಯಲ್ಲಿ ಯಾರಾದರೂ ಗೊಣಗಿದರೆ ಆ ಸಂತೋಷಕ್ಕೆ ತೂಕ ಬರುತ್ತದೆ.

ಕೋಗಿಲೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಎಲ್ಲಿಂದಲೋ ಬರುವುದಿಲ್ಲ, ಚಳಿಯಲ್ಲೂ ಇಲ್ಲೇ ಇರುತ್ತದೆ, ಸುಮ್ಮನಿರುತ್ತದೆ ಅಷ್ಟೇ. ಕೂಗಿ ಕರೆಯುವುದು ಗಂಡು, ಅದರ ಉತ್ಸಾಹ ಏರುವುದು ಕಾಗೆಗಳು ಗೂಡು ಕಟ್ಟುವ ಕಾಲ ಹತ್ತಿರವಾದಂತೆ. ಅದಕ್ಕಿಂತ, ಹೊರಟುಹೋಗುವ ಹಕ್ಕಿಗಳನ್ನು ಗಮನಿಸಿ ಎಂಬುದು ನನ್ನ ಒತ್ತಾಯ. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಚಳಿಗಾಲ ಕಳೆಯುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯದ ಆಚೆಗೆ ಮರಳುವುದು ಈ ದಿನಗಳಲ್ಲೇ. ಬೂರುಗ, ಮುತ್ತುಗದ ಹೂವಿಗೆ ಮುತ್ತುವ ಗುಲಾಬಿ ಕಬ್ಬಕ್ಕಿಗಳೂ ಏಪ್ರಿಲ್ ಹೊತ್ತಿಗೆ ಕಾಣೆಯಾಗುತ್ತವೆ. ಬಂದದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ಯಾವ ದಿನದಿಂದ ಇಲ್ಲವಾಯಿತು ಎಂದು ಹೇಳಬಲ್ಲವನು ಮಾತ್ರ ದಿನವೂ ನೋಡಿದವನು.

ಇನ್ನು ಕಾಫಿ ತೋಟದ ಪ್ರಸಂಗ. ಇದು ಕತೆಯ ಹೃದಯಭಾಗವಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ರಾತ್ರಿ ಮಳೆ ಬಂದು ಬೆಳಗಾಗುವಷ್ಟರಲ್ಲಿ ಚಿಕ್ಕಮಗಳೂರಿನ ತೋಟವೆಲ್ಲ ಬೆಳ್ಳಗೆ ಅರಳಿದೆ ಎಂದು ಬರೆದಿದ್ದೀರಿ. ಹಾಗಾಗುವುದಿಲ್ಲ. ಮೊಗ್ಗುಗಳು ತಿಂಗಳುಗಳ ಹಿಂದೆಯೇ ಮೂಡಿ, ಒಣಹವೆಯಲ್ಲಿ ಬೆಳವಣಿಗೆ ನಿಲ್ಲಿಸಿ ಗಿಣ್ಣುಗಳಲ್ಲಿ ಕೂತಿರುತ್ತವೆ. ಹೂಮಳೆ, ಎಂದರೆ ಮೊಗ್ಗನ್ನು ಅರಳಿಸುವ ಮಳೆ, ಬಿದ್ದ ಮೇಲೆ ಅವು ಮತ್ತೆ ಬೆಳೆದು ಅರಳಲು ಎಂಟು ಹತ್ತು ದಿನ ಬೇಕು. ಮಳೆ ಒಂದು ಇಂಚಿನಷ್ಟಾದರೂ ಆಗಬೇಕು. ಅರೆಬರೆ ಬಿದ್ದರೆ ಮೊಗ್ಗು ಸರಿಯಾಗಿ ಅರಳದೆ ಕೆಡುತ್ತದೆ. ಆದ್ದರಿಂದಲೇ ಬೆಳೆಗಾರರು ಮಳೆಮಾಪಕ ನೋಡಿ ‘ನಿಮ್ಮಲ್ಲಿ ಎಷ್ಟು ಸೆಂಟ್ಸ್?’ ಎಂದು ಪಕ್ಕದ ತೋಟದವರನ್ನು ವಿಚಾರಿಸುತ್ತಾರೆ, ಅಂದರೆ ಇಂಚಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ. ರೊಬಸ್ಟಾ ಜಾತಿಯ ಕಾಫಿ ಬೆಳೆದವರು ನೀರಿದ್ದರೆ ಮಳೆಯ ಬದಲು ಸ್ಪ್ರಿಂಕ್ಲರ್ ಹಾಕುತ್ತಾರೆ. ಅರಳಿದ ದಿನವೇ ಮತ್ತೆ ಮಳೆ ಸುರಿದರೆ ಪರಾಗಸ್ಪರ್ಶ ಹಾಳು; ಕೆಲವು ವಾರದೊಳಗೆ ಇನ್ನೊಂದು ಮಳೆ ಬಾರದಿದ್ದರೆ ಕಾಯಿ ನಿಲ್ಲುವುದು ಕಷ್ಟ. ಮಳೆಗೂ ಹೂವಿಗೂ ನಡುವಿನ ಈ ಕಾಯುವಿಕೆ ನಿಮ್ಮ ಕತೆಗೆ ತಾನಾಗಿ ಒದಗಿದ ಕಥಾನಕ. ಸಾಲ ತೀರಿಸಬೇಕಾದ ತೋಟದ ಯಜಮಾನ, ಊರಿಗೆ ಮರಳಬೇಕಾದ ಮಗಳು, ಇಬ್ಬರೂ ಆ ಎಂಟು ಹತ್ತು ದಿನ ಒಂದೇ ಮನೆಯಲ್ಲಿ ಆಕಾಶ ನೋಡುತ್ತ ಇರಲಿ. ಒಂದು ರಾತ್ರಿಯಲ್ಲಿ ಹೂ ಅರಳಿಸಿ ನೀವು ಅದನ್ನೆಲ್ಲ ಕಳೆದುಕೊಂಡಿದ್ದೀರಿ.

ಪಾತ್ರ ಅತ್ತಾಗ ಮಳೆ, ನಕ್ಕಾಗ ಬಿಸಿಲು ತರುವ ಅಭ್ಯಾಸವನ್ನೂ ಬಿಡಿ. ಹವೆ ತನ್ನ ಕಾರಣಗಳಿಗಾಗಿ ಬದಲಾಗುತ್ತದೆ: ಫೆಬ್ರವರಿ ಕಳೆದಂತೆ ಮೂಡಣದ ಒಣಗಾಳಿ ಸಡಿಲಗೊಂಡು, ಮಧ್ಯಾಹ್ನದ ಮೇಲೆ ಕಡಲ ಕಡೆಯಿಂದ ತೇವದ ಗಾಳಿ ಏರತೊಡಗುತ್ತದೆ, ಮಾರ್ಚ್ ಕೊನೆಯ ಹೊತ್ತಿಗೆ ಸಂಜೆಯ ಗುಡುಗುಮೋಡ ಕಟ್ಟುತ್ತದೆ. ಮನುಷ್ಯರ ದುಃಖ ಆ ಹವೆಯ ಅಡಿಯಲ್ಲಿ, ಅದಕ್ಕೆ ಸಂಬಂಧವೇ ಇಲ್ಲದಂತೆ ನಡೆದಾಗ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ ಎಂಬುದು ನನ್ನ ಅಭಿಪ್ರಾಯ.

ತಿದ್ದುವ ಮೊದಲು ಒಂದೇ ಜಾಗವನ್ನು, ನಿಮ್ಮ ಮನೆಯಿಂದ ಹಳ್ಳದವರೆಗಿನ ದಾರಿಯಾದರೂ ಸಾಕು, ಈಗಿನಿಂದ ಯುಗಾದಿಯವರೆಗೆ ದಿನವೂ ನಡೆದು, ತಾರೀಖು ಹಾಕಿ ಎರಡು ಸಾಲು ಬರೆದಿಡಿ: ಗಾಳಿ ಯಾವ ಕಡೆಯಿಂದ, ಇಬ್ಬನಿ ಇತ್ತೇ, ಯಾವ ಮರ ಏನು ಮಾಡುತ್ತಿದೆ. ಹೆಸರು ಗೊತ್ತಿಲ್ಲದ ಗಿಡಕ್ಕೆ ‘ಯಾವುದೋ ಕಾಡುಹೂ’ ಎಂದು ಬರೆಯದೆ ದನ ಮೇಯಿಸುವವರನ್ನೋ ತೋಟದ ಕೆಲಸದವರನ್ನೋ ಕೇಳಿ. ಹೀಗೆ ಬರೆದಿಟ್ಟ ಟಿಪ್ಪಣಿ ಪುಸ್ತಕವನ್ನು ಹಸ್ತಪ್ರತಿಯ ಜೊತೆ ನನಗೆ ಕಳಿಸುವ ಅಗತ್ಯವಿಲ್ಲ. ಮೊದಲ ಎರಡು ಅಧ್ಯಾಯಗಳನ್ನೂ ಕಾಫಿ ತೋಟದ ಪ್ರಸಂಗವನ್ನೂ ಹೊಸದಾಗಿ ಬರೆದು ಕಳಿಸಿ. ಉಳಿದದ್ದನ್ನು ಈಗ ಮುಟ್ಟಬೇಡಿ.

ಇಂತಿ ನಿಮ್ಮ ವಿಶ್ವಾಸಿ